ಹೆಸರಾಂತ ಕಾಲೇಜೇ ಬೇಕೆನ್ನುವ ಮನೆಯಲ್ಲಿ ಎಂಜಿನಿಯರಿಂಗ್ ಸೀಟು ಆರಿಸುವುದು ಹೇಗೆ: ಸಿಇಟಿ ಬರೆದವರಿಗೆ ಸಮಗ್ರ ಮಾರ್ಗದರ್ಶಿ

ಸಿಇಟಿ ರ್ಯಾಂಕ್ ಪ್ರಕಟವಾಗಿ, ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವ ಆಪ್ಷನ್ ಎಂಟ್ರಿ ಹತ್ತಿರವಾಗುತ್ತಿದ್ದಂತೆ ಕರ್ನಾಟಕದ ಅನೇಕ ಮನೆಗಳಲ್ಲಿ ಒಂದೇ ಬಗೆಯ ಜಗ್ಗಾಟ ಶುರುವಾಗುತ್ತದೆ. ಮಗಳಿಗೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ತನಗಿಷ್ಟವಾದ ಎಲೆಕ್ಟ್ರಾನಿಕ್ಸ್ ಓದುವ ಮನಸ್ಸಿರುತ್ತದೆ. ತಂದೆಗೆ ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಯಾವ ಬ್ರಾಂಚ್ ಸಿಕ್ಕರೂ ಸರಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿದ್ದರೆ ಸಾಕು. ಈ ಜಗ್ಗಾಟದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋತರೆ ನಾಲ್ಕು ವರ್ಷವೂ ಆ ಸೋಲಿನ ನೆರಳು ಮನೆಯ ಮೇಲಿರುತ್ತದೆ. ಆದ್ದರಿಂದ ಹೆಸರು ಮುಖ್ಯವೋ ಅಲ್ಲವೋ ಎಂದು ಸಾರಾಸಗಟಾಗಿ ವಾದಿಸುವುದನ್ನು ಬಿಟ್ಟು, ಈ ಕಾಲೇಜಿನ ಈ ಬ್ರಾಂಚಿಗೆ ಆ ಹೆಸರು ನಿಜವಾಗಿ ಏನನ್ನು ತಂದುಕೊಡುತ್ತದೆ ಎಂದು ತಂದೆ ಮಕ್ಕಳು ಒಟ್ಟಿಗೆ ಕುಳಿತು ಪರಿಶೀಲಿಸುವುದು ಮೇಲು. ಹಾಗೆ ಪರಿಶೀಲಿಸಲು ಬೇಕಾದ ಮಾಹಿತಿಯಲ್ಲಿ ಬಹುಪಾಲು ಸಾರ್ವಜನಿಕವಾಗಿಯೇ ಲಭ್ಯವಿದೆ. ಅದನ್ನು ಹುಡುಕುವ, ಓದುವ ಮತ್ತು ಮನೆಯವರ ಮುಂದಿಡುವ ಕ್ರಮವನ್ನು ಇಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಹೇಳಲಾಗಿದೆ, ಆದರೆ ತಂದೆತಾಯಿಯರೂ ಓದಬೇಕೆಂಬುದು ನನ್ನ ಆಸೆ.

ಹಂತ 1: ಹೆಸರಿನ ಹಿಂದಿರುವ ಕಾಳಜಿಯನ್ನು ಕೇಳಿ ತಿಳಿಯಿರಿ

ಯಾವ ಅಂಕಿಅಂಶವನ್ನೂ ತೆಗೆಯುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಕೇಳಿ: “ಅಪ್ಪ, ಆ ಕಾಲೇಜಿಗೆ ಸೇರಿದರೆ ನನಗೆ ಏನು ಸಿಗುತ್ತದೆ ಎಂದು ನಿಮ್ಮ ಮನಸ್ಸಿನಲ್ಲಿದೆ?” ಉತ್ತರ ಬರುವವರೆಗೆ ಮಧ್ಯೆ ಮಾತನಾಡಬೇಡಿ. ಕೆಲವರಿಗೆ ಅದು ಕೆಲಸದ ಭದ್ರತೆಯ ಪ್ರಶ್ನೆ. ಕೆಲವರಿಗೆ ಹೆಣ್ಣುಮಗಳನ್ನು ದೂರದ ಊರಿಗೆ ಕಳಿಸುವಾಗ ಇರುವ ಹಾಸ್ಟೆಲಿನ ಚಿಂತೆ. ಮುಂದೆ ಸಂಬಂಧ ಕೂಡಿಬರುವಾಗ ಓದಿದ ಕಾಲೇಜಿನ ಹೆಸರು ಕೇಳುತ್ತಾರೆ ಎಂಬ ಲೆಕ್ಕವೂ ಕೆಲವು ಮನೆಗಳಲ್ಲಿ ಇದ್ದೇ ಇರುತ್ತದೆ. ಇನ್ನು ಕೆಲವು ತಂದೆಯರು ತಮಗೆ ಅಂಕ ಬಂದಿದ್ದರೂ ಹಣವಿಲ್ಲದೆ ಕೈತಪ್ಪಿದ ಸೀಟನ್ನು ಮಕ್ಕಳ ಮೂಲಕ ಪಡೆಯಬೇಕೆಂದು ಬಯಸುತ್ತಾರೆ. ಇವುಗಳಲ್ಲಿ ಯಾವುದೂ ಹಗುರವಾದ ಮಾತಲ್ಲ. ಕೆಲಸದ ಭದ್ರತೆಯ ಪ್ರಶ್ನೆಗೆ ಪ್ಲೇಸ್‌ಮೆಂಟ್ ಅಂಕಿಅಂಶ ಉತ್ತರ ಕೊಡುತ್ತದೆ, ಹಾಸ್ಟೆಲಿನ ಚಿಂತೆಗೆ ಖುದ್ದಾಗಿ ಹೋಗಿ ನೋಡುವುದೇ ಉತ್ತರ. ಎರಡನ್ನೂ ‘ಪ್ರತಿಷ್ಠೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಟ್ಟರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ನಿಮಗೆ ಬೇಕಾದುದನ್ನೂ ಬರೆಯಿರಿ. ಮುಂದಿನ ಎಲ್ಲ ಹಂತಗಳಿಗೂ ಈ ಹಾಳೆಯೇ ಆಧಾರ.

ಹಂತ 2: ಆ ಹೆಸರು ಯಾವ ಸಂಸ್ಥೆಯದು ಎಂಬುದನ್ನು ಖಚಿತಪಡಿಸಿಕೊಳ್ಳಿ

ತಂದೆತಾಯಿಯರ ಮನಸ್ಸಿನಲ್ಲಿರುವ ಕಾಲೇಜುಗಳ ಚಿತ್ರ ಹೆಚ್ಚಾಗಿ ಅವರು ಓದಿದ ಕಾಲದ್ದು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಸ್ಥಾಪನೆಯಾಗುವ ಮೊದಲು ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು, ಮೈಸೂರು, ಧಾರವಾಡದಂಥ ಆಯಾ ಭಾಗದ ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಅಂದು ಕೆಆರ್‌ಇಸಿ ಎನಿಸಿಕೊಂಡಿದ್ದದ್ದು 2002ರಿಂದ ಸುರತ್ಕಲ್‌ನ ಎನ್‌ಐಟಿಕೆ. ಮೈಸೂರಿನ ಎಸ್‌ಜೆಸಿಇ ಇಂದು ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದ ಭಾಗ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 1917ರಲ್ಲಿ ಆರಂಭವಾದ ಬೆಂಗಳೂರಿನ ಯುವಿಸಿಇ ಈಗ ತನ್ನದೇ ಕಾಯ್ದೆಯಡಿ ಸ್ವಾಯತ್ತ ವಿಶ್ವವಿದ್ಯಾಲಯವಾಗಿದ್ದು, ಇಂದಿಗೂ ಸರ್ಕಾರಿ ಸಂಸ್ಥೆಯಾಗಿಯೇ ಇದೆ. “ಆ ಹೆಸರನ್ನೇ ಕೇಳಿಲ್ಲವಲ್ಲ” ಎಂದು ತಂದೆ ತಳ್ಳಿಹಾಕುವ ಸಂಸ್ಥೆ ಅವರ ಕಾಲದಲ್ಲಿ ಬೇರೆ ಹೆಸರಿನಲ್ಲಿ ಅವರೇ ಗೌರವಿಸುತ್ತಿದ್ದ ಕಾಲೇಜಾಗಿರಬಹುದು. ಈ ಹಿನ್ನೆಲೆಯನ್ನು ಹೇಳಿದ ಮೇಲೆ ಎಷ್ಟೋ ವಾದಗಳು ಅಲ್ಲಿಗೇ ಮುಗಿದಿರುವುದನ್ನು ಕಂಡಿದ್ದೇನೆ.

ಇದಕ್ಕೆ ವಿರುದ್ಧವಾದ ಗೊಂದಲವೂ ಉಂಟು. ಒಂದೇ ಹೆಸರಿನ ಅಥವಾ ಒಂದೇ ಆಡಳಿತ ಮಂಡಳಿಯ ಕೆಳಗೆ ಹಲವು ಸಂಸ್ಥೆಗಳಿರುತ್ತವೆ. ಬಸವನಗುಡಿಯ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜು ಬೇರೆ, ಯಲಹಂಕದ ಬಿಎಂಎಸ್‌ಐಟಿ ಬೇರೆ. ಆರ್‌ವಿ ಎಂಜಿನಿಯರಿಂಗ್ ಕಾಲೇಜು ಬೇರೆ, ಆರ್‌ವಿ ವಿಶ್ವವಿದ್ಯಾಲಯ ಬೇರೆ. ಎಂ.ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆಯೂ ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವೂ ಒಂದಲ್ಲ. ಮಂಡ್ಯದ ಪಿಇಎಸ್ ಕಾಲೇಜಿಗೂ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯಕ್ಕೂ ಆಡಳಿತವೇ ಬೇರೆ, ಮತ್ತು ಬೆಂಗಳೂರಿನ ಪಿಇಎಸ್‌ಗೆ ರಿಂಗ್ ರಸ್ತೆಯಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕ್ಯಾಂಪಸ್ ಇವೆ. ಇವುಗಳಲ್ಲಿ ಒಂದು ಒಳ್ಳೆಯದು, ಮತ್ತೊಂದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪ್ರತಿಯೊಂದರ ಕಟಾಫ್ (ಸೀಟು ಸಿಕ್ಕ ಕೊನೆಯ ರ್ಯಾಂಕ್), ಶುಲ್ಕ, ಅಧ್ಯಾಪಕರು ಬೇರೆ ಬೇರೆ ಆಗಿರುವುದರಿಂದ ಒಂದರ ಕೀರ್ತಿಯನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಆಪ್ಷನ್ ಎಂಟ್ರಿಯಲ್ಲಿ ಹೆಸರಿನ ಜೊತೆ ಕಾಲೇಜು ಕೋಡ್ ಮತ್ತು ವಿಳಾಸವನ್ನೂ ಓದಿ.

ಪದವಿ ಪ್ರಮಾಣಪತ್ರ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನೂ ಇಲ್ಲೇ ತಿಳಿದುಕೊಳ್ಳಿ. ವಿಟಿಯು ಅಡಿಯ ಸ್ವಾಯತ್ತ ಕಾಲೇಜು ತನ್ನ ಪಠ್ಯಕ್ರಮ ಮತ್ತು ಪರೀಕ್ಷೆಯನ್ನು ತಾನೇ ನಡೆಸಿದರೂ ಪದವಿ ಕೊಡುವುದು ವಿಟಿಯು. ಖಾಸಗಿ ವಿಶ್ವವಿದ್ಯಾಲಯ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪದವಿ ಕೊಡುತ್ತವೆ. ಹೆಸರಿನಲ್ಲಿ ‘ವಿಶ್ವವಿದ್ಯಾಲಯ’ ಎಂದಿರುವುದು ಕಾನೂನಿನ ಸ್ಥಾನಮಾನವನ್ನು ಹೇಳುತ್ತದೆ, ಬೋಧನೆಯ ಗುಣಮಟ್ಟವನ್ನಲ್ಲ. ಪರಿಚಯವಿಲ್ಲದ ವಿಶ್ವವಿದ್ಯಾಲಯವಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ಜಾಲತಾಣದಲ್ಲಿ ಅದರ ಹೆಸರಿದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಹಂತ 3: ರ್ಯಾಂಕಿಂಗ್‌ ಹಿಂದಿನ ಕಡತವನ್ನು ಓದಿ

ಪ್ರತಿಷ್ಠೆಯ ಚರ್ಚೆಯಲ್ಲಿ ಹೆಚ್ಚು ಬಳಕೆಯಾಗುವುದು ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ. ಇದರ ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಎಂಜಿನಿಯರಿಂಗ್ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆ ಮತ್ತು ವೃತ್ತಿಪರ ಕೆಲಸಕ್ಕೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10 ಎಂದು ಒಟ್ಟು 100 ಅಂಕಗಳು ಹಂಚಿಕೆಯಾಗಿವೆ. ಸಂಶೋಧನೆಗೆ ಇಷ್ಟು ದೊಡ್ಡ ಪಾಲಿರುವುದರಿಂದ, ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪ್ರಬಂಧಗಳು ಹೆಚ್ಚಿರುವ ಸಂಸ್ಥೆ ಮೇಲೇರುತ್ತದೆ. ಬಿಇ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಆ ಅಂಕ ಹೇಳುವುದಿಲ್ಲ. ಅಕ್ಕಪಕ್ಕದ ಎರಡು ಕಾಲೇಜುಗಳ ನಡುವೆ ಹತ್ತು ಹದಿನೈದು ಸ್ಥಾನಗಳ ಅಂತರ ಕಂಡರೂ ಮೂಲ ಅಂಕಗಳಲ್ಲಿ ವ್ಯತ್ಯಾಸ ತೀರಾ ಸಣ್ಣದಾಗಿರುತ್ತದೆ. ಹಾಗಾಗಿ ಸ್ಥಾನದ ಪಕ್ಕದಲ್ಲಿ ಅಂಕವನ್ನೂ ನೋಡಬೇಕು.

ನನ್ನ ದೃಷ್ಟಿಯಲ್ಲಿ ಎನ್‌ಐಆರ್‌ಎಫ್‌ನ ದೊಡ್ಡ ಉಪಕಾರವಿರುವುದು ಅದರ ಸ್ಥಾನಪಟ್ಟಿಯಲ್ಲಲ್ಲ. ಭಾಗವಹಿಸುವ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು, ಸಾಮಾನ್ಯವಾಗಿ ಅದು ‘ಎನ್‌ಐಆರ್‌ಎಫ್’ ಎಂಬ ಕೊಂಡಿಯಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಅದರಲ್ಲಿ ನಾಲ್ಕು ವರ್ಷದ ಪದವಿಗೆ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು, ಕೆಲಸ ಸಿಕ್ಕವರ ಮಧ್ಯಾಂಕ ಸಂಬಳ ಎಷ್ಟು ಎಂಬುದೆಲ್ಲ ವರ್ಷವಾರು ಇರುತ್ತದೆ. ಫ್ಲೆಕ್ಸ್‌ಗಳಲ್ಲಿ ಕಾಣುವ ಅತ್ಯಧಿಕ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು. ಮಧ್ಯಾಂಕ ಸಂಬಳವೆಂದರೆ ಕೆಲಸ ಸಿಕ್ಕವರಲ್ಲಿ ಅರ್ಧದಷ್ಟು ಜನ ಅದಕ್ಕಿಂತ ಮೇಲೆ, ಉಳಿದರ್ಧ ಕೆಳಗೆ, ಆದ್ದರಿಂದ ನಿಮಗೆ ಏನು ಸಿಗಬಹುದು ಎಂಬ ಅಂದಾಜಿಗೆ ಅದೇ ಹತ್ತಿರ. ನೀವು ಯೋಚಿಸುತ್ತಿರುವ ಎಲ್ಲ ಕಾಲೇಜುಗಳ ಕಡತ ಇಳಿಸಿಕೊಂಡು ಈ ಐದು ಸಂಖ್ಯೆಗಳನ್ನು ಮೂರು ವರ್ಷಗಳ ಮಟ್ಟಿಗೆ ಒಂದೇ ಹಾಳೆಯಲ್ಲಿ ಬರೆಯಿರಿ. ಸೇರಿದವರಲ್ಲಿ ನಾಲ್ಕು ವರ್ಷದಲ್ಲೇ ಮುಗಿಸಿದವರ ಪ್ರಮಾಣವನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ, ಏಕೆಂದರೆ ಬ್ಯಾಕ್‌ಲಾಗ್ ಉಳಿಸಿಕೊಂಡವರು ಎಷ್ಟಿದ್ದಾರೆ ಎಂಬ ಸುಳಿವು ಅಲ್ಲಿದೆ. ಈ ಅಂಕಿಅಂಶವನ್ನು ಕಾಲೇಜೇ ಕೊಟ್ಟಿರುತ್ತದೆ ಮತ್ತು ಅದು ಇಡೀ ಕಾಲೇಜಿನದು, ಬ್ರಾಂಚ್‌ವಾರು ಅಲ್ಲ ಎಂಬ ಎರಡು ಮಿತಿಗಳನ್ನು ಮರೆಯಬೇಡಿ.

ಬ್ರಾಂಚ್ ಮಟ್ಟದ ಮಾಹಿತಿಗೆ ಎನ್‌ಬಿಎ ಮಾನ್ಯತೆ ನೆರವಾಗುತ್ತದೆ. ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಎರಡು ರಾಷ್ಟ್ರೀಯ ಮಂಡಳಿಗಳಲ್ಲಿ ನ್ಯಾಕ್ ಇಡೀ ಸಂಸ್ಥೆಯನ್ನು ನೋಡಿದರೆ ಎನ್‌ಬಿಎ ಪ್ರತಿ ಕೋರ್ಸನ್ನೂ ಬೇರೆಯಾಗಿ ನೋಡುತ್ತದೆ. ಒಂದೇ ಕಾಲೇಜಿನಲ್ಲಿ ಮೆಕ್ಯಾನಿಕಲ್‌ಗೆ ಮಾನ್ಯತೆ ಇದ್ದು ಹೊಸದಾಗಿ ತೆರೆದ ಕೋರ್ಸಿಗೆ ಇಲ್ಲದಿರುವುದು ಸಾಮಾನ್ಯ. ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂಬುದನ್ನೂ ನೋಡಿ. ವಿದೇಶಕ್ಕೆ ಹೋಗುವ ಯೋಚನೆಯಿದ್ದರೆ ಒಂದು ವಿಷಯ ಗಮನಿಸಬೇಕು: ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮನ್ನಿಸುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು, ಆದರೆ ಆ ಒಪ್ಪಂದದ ಮನ್ನಣೆ ಸಿಗುವುದು ಎನ್‌ಬಿಎಯ ಟಯರ್-1 ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ.

ಹಂತ 4: ಹೆಸರು ನಿಜವಾಗಿ ಕೆಲಸಕ್ಕೆ ಬರುವ ಕಡೆಗಳನ್ನು ಒಪ್ಪಿಕೊಳ್ಳಿ

ಇಲ್ಲಿ ವಿದ್ಯಾರ್ಥಿಗಳು ಪ್ರಾಮಾಣಿಕರಾಗಿರಬೇಕು. ದೊಡ್ಡ ಕಂಪನಿಗಳು ಕ್ಯಾಂಪಸ್ ನೇಮಕಾತಿಗೆ ಎಲ್ಲ ಕಾಲೇಜುಗಳಿಗೂ ಹೋಗುವುದಿಲ್ಲ, ಆಯ್ದ ಕೆಲವಕ್ಕೆ ಹೋಗುತ್ತವೆ. ಹಳೆಯ ವಿದ್ಯಾರ್ಥಿಗಳ ಬಳಗ ದೊಡ್ಡದಿದ್ದಷ್ಟೂ ಇಂಟರ್ನ್‌ಶಿಪ್‌ಗೆ ಶಿಫಾರಸು ಸುಲಭ. ಜೊತೆಯಲ್ಲಿ ಓದುವವರು ಚುರುಕಾಗಿದ್ದರೆ ನಾವೂ ಅವರ ವೇಗಕ್ಕೆ ಹೊಂದಿಕೊಳ್ಳುತ್ತೇವೆ. ಸಾಲದ ವಿಷಯದಲ್ಲಂತೂ ರ್ಯಾಂಕಿಂಗ್‌ಗೆ ನೇರವಾದ ಬೆಲೆಯಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಎನ್‌ಐಆರ್‌ಎಫ್ ಆಧಾರದಲ್ಲಿ ಗುರುತಿಸಿದ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದು ಇತರ ಷರತ್ತುಗಳಿಗೂ ಹೊಂದಿಕೊಂಡರೆ 10 ಲಕ್ಷದವರೆಗಿನ ಸಾಲಕ್ಕೆ, ಮರುಪಾವತಿ ಆರಂಭವಾಗುವವರೆಗಿನ ಅವಧಿಯಲ್ಲಿ, ಶೇ. 3ರ ಬಡ್ಡಿ ರಿಯಾಯಿತಿಯೂ ಉಂಟು. ನಿಮ್ಮ ಪಟ್ಟಿಯ ಕಾಲೇಜುಗಳಲ್ಲಿ ಯಾವುವು ಈ ಯೋಜನೆಯಲ್ಲಿವೆ ಎಂದು ಯೋಜನೆಯ ಪೋರ್ಟಲ್‌ನಲ್ಲಿ ನೋಡಿ ಗುರುತು ಹಾಕಿ. ತಂದೆಯ ಮಾತಿನಲ್ಲಿ ಇಷ್ಟು ಸತ್ಯವಿದೆ ಎಂದು ನೀವೇ ಮೊದಲು ಹೇಳಿದರೆ, ನಿಮ್ಮ ಮಾತಿನಲ್ಲಿರುವ ಸತ್ಯವನ್ನು ಅವರು ಕೇಳುವ ಮನಸ್ಸು ಮಾಡುತ್ತಾರೆ.

ಹಂತ 5: ಕಾಲೇಜನ್ನೂ ಬ್ರಾಂಚನ್ನೂ ಜೋಡಿಯಾಗಿ ತೂಗಿ

ಬ್ರಾಂಚ್ ಬಿಟ್ಟು ಕಾಲೇಜನ್ನಷ್ಟೇ ಹೋಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೆಕ್ಯಾನಿಕಲ್, ಸಿವಿಲ್, ಬಯೋಟೆಕ್ನಾಲಜಿ ಇವೆಲ್ಲ ಗಟ್ಟಿಯಾದ ವಿದ್ಯೆಗಳೇ, ಆದರೆ ಅವುಗಳ ಬಗ್ಗೆ ಒಲವಿರುವವರಿಗೆ. “ಸೇರಿದ ಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಂಡರಾಯಿತು” ಎಂಬ ಭರವಸೆಯ ಮೇಲೆ ಇಷ್ಟವಿಲ್ಲದ ಬ್ರಾಂಚ್ ಹಿಡಿಯಬೇಡಿ. ಬ್ರಾಂಚ್ ಬದಲಾವಣೆಗೆ ಸೀಟು ಖಾಲಿಯಿರಬೇಕು, ಮೊದಲ ವರ್ಷದ ಅಂಕ ಬಹಳ ಚೆನ್ನಾಗಿರಬೇಕು, ಮತ್ತು ಅದೇ ಆಸೆಯಿಂದ ಬಂದ ಅನೇಕರ ಜೊತೆ ಪೈಪೋಟಿ ಮಾಡಬೇಕು. ನಿಮ್ಮ ಒಲವು ಯಾವ ಕಡೆಗೆ ಎಂದು ತಿಳಿಯಲು ಒಂದು ಸರಳ ದಾರಿಯಿದೆ. ಪಟ್ಟಿಯಲ್ಲಿರುವ ಪ್ರತಿ ಬ್ರಾಂಚಿನ ಮೂರರಿಂದ ಆರನೇ ಸೆಮಿಸ್ಟರ್‌ವರೆಗಿನ ಪಠ್ಯಕ್ರಮವನ್ನು ವಿಟಿಯು ಅಥವಾ ಆಯಾ ಕಾಲೇಜಿನ ಜಾಲತಾಣದಿಂದ ಇಳಿಸಿಕೊಂಡು ಓದಿ. ಯಾವ ವಿಷಯದ ಹೆಸರು ಕುತೂಹಲ ಹುಟ್ಟಿಸುತ್ತದೆ, ಯಾವುದು ಈಗಲೇ ಭಾರವೆನಿಸುತ್ತದೆ ಎಂಬುದು ಒಂದೆರಡು ಗಂಟೆಯಲ್ಲಿ ಸ್ಪಷ್ಟವಾಗುತ್ತದೆ.

ಒಂದಕ್ಕೊಂದು ಹತ್ತಿರವಿರುವ ಬ್ರಾಂಚುಗಳಲ್ಲಿ ಮಾತ್ರ ಕಾಲೇಜಿನ ಹೆಸರಿಗೆ ಮಣಿಯುವುದು ಸರಿ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಶನ್ ಸೈನ್ಸ್‌ಗಳ ನಡುವೆ ಪಠ್ಯದಲ್ಲಿ ದೊಡ್ಡ ಅಂತರವಿಲ್ಲ, ಎಲೆಕ್ಟ್ರಾನಿಕ್ಸ್‌ಗೂ ಟೆಲಿಕಮ್ಯುನಿಕೇಶನ್‌ಗೂ ಅಷ್ಟೇ. ಅಂಥ ಕಡೆ ಒಳ್ಳೆಯ ಕಾಲೇಜನ್ನು ಆರಿಸಿಕೊಂಡರೆ ಕಳೆದುಕೊಳ್ಳುವುದು ಕಡಿಮೆ. ಎಲೆಕ್ಟ್ರಾನಿಕ್ಸ್ ಬಯಸುವವಳನ್ನು ಸಿವಿಲ್‌ಗೆ ಸೇರಿಸಿ ಹೆಸರು ಪಡೆಯುವುದು ಹಾಗಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಮಂಡಳಿಯಾದ ಎಐಸಿಟಿಇ ಒಂದು ಬ್ರಾಂಚಿನ ಸೀಟುಗಳ ಮೇಲಿದ್ದ ಮಿತಿಯನ್ನು ತೆಗೆದ ಮೇಲೆ ಬೆಂಗಳೂರಿನ ಹಲವು ಕಾಲೇಜುಗಳು ಕಂಪ್ಯೂಟರ್ ಸಂಬಂಧಿ ಸೀಟುಗಳನ್ನು ಹೆಚ್ಚಿಸಿಕೊಂಡಿವೆ. ಸೀಟು ಹೆಚ್ಚಾದಾಗ ಅಧ್ಯಾಪಕರೂ ಪ್ರಯೋಗಾಲಯವೂ ಅದೇ ಪ್ರಮಾಣದಲ್ಲಿ ಹೆಚ್ಚಾದವೇ ಎಂದು ಕೇಳಲೇಬೇಕು. ಹಳೆಯ ಕೀರ್ತಿ ಕಟ್ಟಿಕೊಂಡದ್ದು ಸಣ್ಣ ತರಗತಿಗಳ ಕಾಲದಲ್ಲಿ.

ಹಂತ 6: ನಾಲ್ಕು ವರ್ಷದ ಪೂರ್ತಿ ಖರ್ಚನ್ನು ಬರೆಯಿರಿ

ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡದೆ ನಾಲ್ಕು ವರ್ಷದ ಬೋಧನಾ ಶುಲ್ಕ, ಕಾಲೇಜಿನ ಇತರ ಶುಲ್ಕ, ಹಾಸ್ಟೆಲ್ ಅಥವಾ ಪಿಜಿ, ಊಟ, ಓಡಾಟ ಎಲ್ಲವನ್ನೂ ಕೂಡಿಸಿ. ಒಂದೇ ತರಗತಿಯಲ್ಲಿ ಸರ್ಕಾರಿ ಕೋಟಾ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಿಂದ ಸಿಗುವ ಸೀಟು) ಮತ್ತು ಮ್ಯಾನೇಜ್‌ಮೆಂಟ್ ಸೀಟಿನವರು ಒಟ್ಟಿಗೆ ಕುಳಿತು ಒಂದೇ ಪಾಠ ಕೇಳಿದರೂ ಕಟ್ಟುವ ಹಣದಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ. ಹೆಸರಿಗಾಗಿ ಜಮೀನು ಮಾರಿ ಅಥವಾ ಮನೆ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಮಾತು ಬಂದರೆ ಅದನ್ನು ವಿನಯದಿಂದಲೇ ಆದರೆ ದೃಢವಾಗಿ ಬೇಡವೆನ್ನಿ. ಆ ಹೊರೆ ಹೊತ್ತ ವಿದ್ಯಾರ್ಥಿ ಓದು ಮುಗಿಸಿದ ದಿನವೇ ಸಿಕ್ಕ ಯಾವುದಾದರೂ ಕೆಲಸಕ್ಕೆ ಸೇರಬೇಕಾಗುತ್ತದೆ, ಎಂಟೆಕ್ ಅಥವಾ ಸಂಶೋಧನೆಯ ಆಸೆಯನ್ನು ಅಲ್ಲಿಗೇ ಬಿಡಬೇಕಾಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ರಿಯಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳು ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟಿರುತ್ತವೆ. ಅವುಗಳನ್ನು ತಪ್ಪದೆ ವಿಚಾರಿಸಿ.

ಹೆಸರಿನ ಆಸೆ ನಂತರವೂ ಈಡೇರಬಹುದು ಎಂಬುದನ್ನು ಈ ಹಂತದಲ್ಲೇ ಮನೆಯವರಿಗೆ ತಿಳಿಸಿ. ಐಐಎಸ್‌ಸಿ ಮತ್ತು ಏಳು ಐಐಟಿಗಳು ಸರದಿಯಲ್ಲಿ ನಡೆಸುವ, ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯನ್ನು ಬಿಇ ಮೂರನೇ ವರ್ಷದಲ್ಲೇ ಬರೆಯಬಹುದು. ಹಾಸನದಲ್ಲೋ ಬಾಗಲಕೋಟೆಯಲ್ಲೋ ಮನಸ್ಸಿಟ್ಟು ಓದಿ ಮುಂದೆ ಐಐಎಸ್‌ಸಿಯಲ್ಲಿ ಎಂಟೆಕ್ ಮಾಡಿದವರನ್ನು ಜನ ಕೇಳುವುದು ಕೊನೆಯ ಪದವಿಯ ಬಗ್ಗೆಯೇ.

ಹಂತ 7: ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ ನೋಡಿ

ಕೆಲಸದ ದಿನ ಹೋಗಿ, ಸ್ವಾಗತ ಕಚೇರಿಯಲ್ಲಷ್ಟೇ ಕುಳಿತು ಬರಬೇಡಿ. ನಿಮ್ಮ ಬ್ರಾಂಚಿನ ವಿಭಾಗಕ್ಕೆ ಹೋಗಿ ಎರಡನೇ, ಮೂರನೇ ವರ್ಷದವರನ್ನು ಮಾತನಾಡಿಸಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು, ನಿಮ್ಮ ಬ್ರಾಂಚಿಗೆಂದೇ ಬಂದ ಕಂಪನಿಗಳು ಯಾವುವು, ಪ್ಲೇಸ್‌ಮೆಂಟ್‌ಗೆ ಕೂರಲು ಕನಿಷ್ಠ ಎಷ್ಟು ಅಂಕ ಬೇಕು ಎಂದು ಕೇಳಿ. ಹಾಸ್ಟೆಲನ್ನು ಮನೆಯವರು ತಾವೇ ನೋಡಲಿ, ವಾರ್ಡನ್ ಜೊತೆ ಅವರೇ ಮಾತನಾಡಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಮೊದಲ ಸೆಮಿಸ್ಟರ್‌ನಲ್ಲಿ ತಮ್ಮಂಥವರಿಗೆ ಪಾಠ ಅರ್ಥವಾಗದಿದ್ದಾಗ ಯಾರು ಸಹಾಯ ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ಆ ಉತ್ತರದಲ್ಲಿ ವಿಭಾಗದ ಸ್ವಭಾವ ತಿಳಿಯುತ್ತದೆ.

ಹಂತ 8: ಆಪ್ಷನ್ ಪಟ್ಟಿಯನ್ನು ಒಟ್ಟಿಗೆ ಕುಳಿತು ಬರೆಯಿರಿ

ಮೊದಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ, ಜಾಲತಾಣದಿಂದ ಹಿಂದಿನ ವರ್ಷದ ಕಟಾಫ್ ತೆಗೆದುಕೊಳ್ಳಿ. ಅದನ್ನು ನಿಮ್ಮ ಪ್ರವರ್ಗದ ಕಾಲಂನಲ್ಲೇ ಓದಬೇಕು. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮತ್ತು ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಇರುವುದರಿಂದ, ನೆಂಟರ ಮಗನಿಗೆ ಯಾವ ರ್ಯಾಂಕಿಗೆ ಸೀಟು ಸಿಕ್ಕಿತೆಂಬುದು ನಿಮಗೆ ಅನ್ವಯಿಸದೆ ಇರಬಹುದು.

ಕೆಇಎ ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ನಿಮ್ಮ ರ್ಯಾಂಕಿಗೆ ಎಟುಕುವ ಮೊದಲ ಆಪ್ಷನ್ ಸಿಕ್ಕಿತೆಂದರೆ ಅದರ ಕೆಳಗಿನವು ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಸಿಕ್ಕರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಆದ್ದರಿಂದ “ಅಪ್ಪನ ಸಮಾಧಾನಕ್ಕೆ ಇರಲಿ” ಎಂದು ಬೇಡದ ಬ್ರಾಂಚನ್ನು ಮೇಲೆ ಬರೆದರೆ ಅದೇ ನಿಮ್ಮ ಸೀಟಾಗುತ್ತದೆ. ಬರೆಯುವ ಪ್ರತಿ ಸಾಲಿಗೂ “ಇದು ಸಿಕ್ಕರೆ ಇದರ ಕೆಳಗಿರುವ ಎಲ್ಲವನ್ನೂ ಬಿಡಲು ಸಿದ್ಧವೇ?” ಎಂದು ಇಬ್ಬರೂ ಕೇಳಿಕೊಳ್ಳಿ. ಒಪ್ಪಿಗೆಯಾಗದ ಜೋಡಿಗಳನ್ನು ಹೀಗೆ ಹೊಂದಿಸಬಹುದು: ದೊಡ್ಡ ಕಾಲೇಜುಗಳಲ್ಲಿ ನಿಮಗಿಷ್ಟವಾದ ಮತ್ತು ಅದಕ್ಕೆ ಹತ್ತಿರವಾದ ಬ್ರಾಂಚುಗಳನ್ನೆಲ್ಲ, ಕಟಾಫ್ ಎಟುಕುವುದಿಲ್ಲ ಎನಿಸಿದರೂ, ಮೇಲೆ ಬರೆಯಿರಿ. ಅದರ ಕೆಳಗೆ ಮೈಸೂರು, ಹುಬ್ಬಳ್ಳಿ, ಹಾಸನ, ದಾವಣಗೆರೆಯಂಥ ಕಡೆಗಳಲ್ಲಿ ಅದೇ ಬ್ರಾಂಚುಗಳು ಬರಲಿ. ಇಷ್ಟವಿಲ್ಲದ ಬ್ರಾಂಚ್ ಪಟ್ಟಿಯಲ್ಲಿ ಇರಲೇಬೇಕೆಂದು ಮನೆಯವರು ಹೇಳಿದರೆ ಅದರ ಜಾಗ ಎಲ್ಲಕ್ಕಿಂತ ಕೆಳಗೆ. ನಿಜವಾದ ಹಂಚಿಕೆಗೆ ಮುನ್ನ ಕೆಇಎ ಪ್ರಕಟಿಸುವ ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದಾಗ ಇನ್ನೊಮ್ಮೆ ಕುಳಿತು ತಿದ್ದಿ. ನಂತರದ ಸುತ್ತುಗಳಲ್ಲಿ ಸಾಮಾನ್ಯವಾಗಿ ಹೊಸ ಆಪ್ಷನ್ ಸೇರಿಸಲು ಬರುವುದಿಲ್ಲ.

ಹಂತ 9: ಸೀಟು ಬರುವ ಮೊದಲೇ ಮುಂದಿನ ನಿರ್ಧಾರ ಮಾಡಿಕೊಳ್ಳಿ

ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಒಪ್ಪಿಕೊಂಡು ಮೇಲಿನದಕ್ಕಾಗಿ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ಆಯ್ಕೆಗಳಿಗೆ ಕೆಇಎ ಕೊಡುವ ಸಮಯ ಬಹಳ ಕಡಿಮೆ. ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ಓದಿ. ಯಾವ ಸಾಲಿನವರೆಗೆ ಸಿಕ್ಕರೆ ಸೇರುವುದು, ಯಾವ ಸಾಲಿನಿಂದ ಕೆಳಗಾದರೆ ಕಾಯುವುದು ಎಂದು ಪಟ್ಟಿಯ ಮೇಲೆ ಮೊದಲೇ ಗೆರೆ ಎಳೆದಿಟ್ಟರೆ ಆ ಕೆಲವೇ ದಿನಗಳಲ್ಲಿ ನೆಂಟರಿಷ್ಟರ ಫೋನ್‌ಗಳು ಮನೆಯ ನಿರ್ಧಾರವನ್ನು ಅಲುಗಾಡಿಸುವುದಿಲ್ಲ.

ಈ ನಡುವೆ ಕೈತಪ್ಪೀತೆಂಬ ಭಯದಿಂದ ಬೇರೆ ಕಡೆ ಹಣ ಕಟ್ಟಿ ಸೀಟು ಹಿಡಿದಿಟ್ಟಿದ್ದರೆ ಯುಜಿಸಿಯ 2018ರ ಶುಲ್ಕ ಮರುಪಾವತಿ ನಿಯಮ ನಿಮಗೆ ನೆರವಾಗಬಹುದು. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹಿಂದೆ ಸರಿದರೆ ಗರಿಷ್ಠ 5,000 ರೂಪಾಯಿಯ ಸಂಸ್ಕರಣಾ ವೆಚ್ಚ ಬಿಟ್ಟು ಪೂರ್ತಿ ಹಣ, 15 ದಿನಕ್ಕಿಂತ ಕಡಿಮೆ ಉಳಿದಿದ್ದಾಗ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50 ಮರಳಿ ಬರಬೇಕು, ಆಮೇಲೆ ಏನೂ ಬರುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಹಣ ಕಟ್ಟುವ ದಿನವೇ ರಸೀದಿ ಪಡೆದು, ಹಿಂದೆ ಸರಿಯುವುದಾದರೆ ಅರ್ಜಿಯನ್ನು ಇಮೇಲ್ ಮೂಲಕವೂ ಕಳಿಸಿ ದಿನಾಂಕದ ದಾಖಲೆ ಇಟ್ಟುಕೊಳ್ಳಿ.